ಅಪ್ಪನ ಮಂಕಿ ಕ್ಯಾಪು, ಸಿಯಾಟಲ್‌ನ ಐಸ್ ಹಾಕಿ

ಚಿತ್ರದುರ್ಗದಿಂದ ಬಂದಿದ್ದ ಅಪ್ಪ ಸಿಯಾಟಲ್ ಪಕ್ಕದ ರೆಡ್‌ಮಂಡ್‌ನ ನಮ್ಮ ಮನೆ ಕಿಟಕಿ ಪಕ್ಕ ಕೂತು ದಿನಾ ಕೊರಗುತ್ತಿದ್ದರು. "ಇಷ್ಟೊಂದು ಮಳೆ ನೀರು ಸುಮ್ನೆ ಹರಿದು ಹೋಗ್ತಿದೆಯಲ್ಲೋ!" ನವೆಂಬರ್ ಇಡೀ ಇದೇ ಮಾತು. ಹಾಗಾದರೆ ಇವರು ನೋಡಬೇಕಾದ ಜಾಗ ಒಂದಿದೆ ಅಂತ ಸಿಯಾಟಲ್‌ನ ಐಸ್ ಹಾಕಿ ತಂಡ ಕ್ರಾಕನ್‌ನ ಮ್ಯಾಚಿಗೆ ಕರೆದುಕೊಂಡು ಹೋದೆ.

ಆ ತಂಡದ ಮನೆ ಕ್ಲೈಮೇಟ್ ಪ್ಲೆಡ್ಜ್ ಅರೀನಾ ಅನ್ನೋ ಒಳಾಂಗಣ ಕ್ರೀಡಾಂಗಣ. ಅಲ್ಲಿ ಚಾವಣಿ ಮೇಲೆ ಬಿದ್ದ ಮಳೆ ನೀರನ್ನೇ ಹಿಡಿದು ಐಸ್ ಮಾಡಲು ಬಳಸುತ್ತಾರೆ. ತೊಟ್ಟಿ 15,000 ಗ್ಯಾಲನ್‌ನದು, ಅಂದರೆ ಸುಮಾರು 57,000 ಲೀಟರ್. ಊರಲ್ಲಿ ನಮ್ಮ ಸಂಪು ಎಂಟು ಸಾವಿರದ್ದು. ಅಪ್ಪ ಒಂದು ಕ್ಷಣ ಸುಮ್ಮನಿದ್ದು, "ಏಳು ಸಂಪು" ಅಂದರು. ಆಟಕ್ಕೆ ಮುಂಚೆಯೇ ಅರೀನಾ ಪಾಸಾಯಿತು.

ಆ ಚಾವಣಿಯದೇ ಒಂದು ಕಥೆ. 1962ರ ವಿಶ್ವ ಮೇಳಕ್ಕೆ ಕಟ್ಟಿದ್ದು. ಹೊಸ ಅರೀನಾ ಮಾಡುವಾಗ ಅದನ್ನು ಕೆಡವಲಿಲ್ಲ. ಸುಮಾರು 20,000 ಟನ್ ತೂಕದ ಚಾವಣಿಗೆ ಉಕ್ಕಿನ ಆಸರೆ ಕೊಟ್ಟು ನಿಲ್ಲಿಸಿ, ಕೆಳಗಿದ್ದದ್ದನ್ನೆಲ್ಲ ತೆಗೆದು, ಇನ್ನೂ ಆಳಕ್ಕೆ ಅಗೆದರು. 2021ರ ಅಕ್ಟೋಬರ್‌ನಲ್ಲಿ ಬಾಗಿಲು ತೆರೆಯಿತು. ಹೊರಗಿನಿಂದ ನೋಡಿದರೆ ಇಷ್ಟೇನಾ ಅನಿಸುತ್ತದೆ. ಒಳಗೆ ಹೋದರೆ ಮೆಟ್ಟಿಲು ಹತ್ತೋದಲ್ಲ, ಇಳಿಯೋದು. ಕಲ್ಯಾಣಿಗೆ ಇಳಿದ ಹಾಗೆ. ತಳದಲ್ಲಿ ಬೆಳ್ಳಗೆ ಐಸ್.

ಸೀಟಿನ ವಿಷಯ ಸ್ವಲ್ಪ ಗಮನವಿಟ್ಟು ಕೇಳಿ. ನಾನು ಮೊದಲ ಸಲ ಜಾಸ್ತಿ ದುಡ್ಡು ಕೊಟ್ಟು ಮೂಲೆಯ ಗಾಜಿನ ಪಕ್ಕ ಕೂತಿದ್ದೆ. ಆಟಗಾರರು ಬಂದು ಗಾಜಿಗೆ ಅಪ್ಪಳಿಸುವಾಗ ಎದೆ ಝಲ್ಲೆನ್ನುತ್ತದೆ, ನಿಜ. ಆದರೆ ಪಕ್ ಎಲ್ಲಿದೆ ಅಂತ ಒಮ್ಮೆಯೂ ಗೊತ್ತಾಗಲಿಲ್ಲ. ಅದು ನಿಪ್ಪಟ್ಟಿನಷ್ಟು ಅಗಲದ, ಒಂದಿಂಚು ದಪ್ಪದ ಕಪ್ಪು ರಬ್ಬರ್ ಬಿಲ್ಲೆ, ಅಷ್ಟೇ. ಈ ಸಲ ಮೇಲಿನ ಹಂತದಲ್ಲಿ ಕೂತೆವು. ಯಾರು ಯಾರಿಗೆ ಪಾಸ್ ಕೊಡುತ್ತಿದ್ದಾರೆ ಅನ್ನೋದು ಕೇರಂ ಬೋರ್ಡು ನೋಡಿದಷ್ಟು ಸಲೀಸಾಗಿ ಕಾಣುತ್ತದೆ. ಬೇರೆ ಕಡೆ ನಡುವೆ ನೇತಾಡುವ ದೊಡ್ಡ ಸ್ಕೋರ್‌ಬೋರ್ಡು ಇಲ್ಲಿಲ್ಲ. ಎರಡು ತುದಿಗೆ ಒಂದೊಂದು ತ್ರಿಕೋನದ ಪರದೆ. ಹಾಗಾಗಿ ಕಣ್ಣಿಗೆ ಏನೂ ಅಡ್ಡ ಬರಲ್ಲ.

ಅಪ್ಪನಿಗೆ ಆಟಕ್ಕಿಂತ ಹಿಡಿಸಿದ್ದು ಜಾಂಬೋನಿ. ಇಪ್ಪತ್ತು ನಿಮಿಷದ ಒಂದು ಪಾಳಿ ಮುಗಿದ ಮೇಲೆ ಬಂದು, ಗೀರು ಬಿದ್ದ ಐಸನ್ನು ಹೆರೆದು, ಹಿಂದೆ ತೆಳ್ಳಗೆ ನೀರು ಬಿಡುತ್ತಾ ಹೋಗುವ ಗಾಡಿ. ಇಲ್ಲಿಯದು ಬ್ಯಾಟರಿಯದು, ಹೊಗೆ ಇಲ್ಲ. "ಅಜ್ಜಿ ಅಂಗಳ ಸಾರಿಸ್ತಿದ್ದಳಲ್ಲ, ಥೇಟ್ ಹಾಗೇ ಕಣೋ. ಒಂದು ಚೂರೂ ಬಿಡ್ತಿಲ್ಲ ನೋಡು" ಅಂದರು. ಜನ ಎದ್ದು ಪಾಪ್‌ಕಾರ್ನ್ ತರಲು ಓಡುತ್ತಿದ್ದರೆ ಇವರು ಕದಲಲಿಲ್ಲ.

ಕಾರು ತರಬೇಡಿ. ಮೊದಲ ಸಲ ಹತ್ತಿರದ ಯಾವುದೋ ಖಾಸಗಿ ಪಾರ್ಕಿಂಗಿನಲ್ಲಿ ನಿಲ್ಲಿಸಿ, ಮ್ಯಾಚ್ ಮುಗಿದ ಮೇಲೆ ಅಲ್ಲಿಂದ ಹೊರಬರಲು ಮುಕ್ಕಾಲು ಗಂಟೆ ಒದ್ದಾಡಿದ್ದೆ. ಕ್ರಾಕನ್ ಟಿಕೆಟ್ ಇದ್ದರೆ ಬಸ್ಸು, ರೈಲಿಗೆ ಬೇರೆ ದುಡ್ಡಿಲ್ಲ. ಪೇಟೆ ನಡುವಿನ ವೆಸ್ಟ್‌ಲೇಕ್ ನಿಲ್ದಾಣದಲ್ಲಿ ಇಳಿದು ಮೋನೊರೈಲ್ ಹತ್ತಿದರೆ ಕೂತು ಸುಧಾರಿಸಿಕೊಳ್ಳುವಷ್ಟರಲ್ಲಿ ಇಳಿಯುವ ಜಾಗ ಬಂದಿರುತ್ತದೆ. ಆ ಮೋನೊರೈಲೂ 1962ರದ್ದೇ.

ಸ್ವೆಟರ್ ಮರೆಯಬೇಡಿ. ಅಪ್ಪ ಮಂಕಿ ಕ್ಯಾಪು ಹಾಕಿದಾಗ ನನಗೆ ನಾಚಿಕೆಯಾಗಿತ್ತು. ಎರಡನೇ ಪಾಳಿಯ ಹೊತ್ತಿಗೆ ನಾನೇ ಅದರ ಮೇಲೆ ಕಣ್ಣು ಹಾಕಿದ್ದೆ. ಅಷ್ಟರಲ್ಲಿ ಒಬ್ಬನೇ ಆಟಗಾರ ಎರಡು ಗೋಲು ಹೊಡೆದ. ಇನ್ನೊಂದು ಹೊಡೆದರೆ ಹ್ಯಾಟ್ರಿಕ್. ಆ ಪದ ನಮ್ಮ ಕ್ರಿಕೆಟ್‌ನಿಂದಲೇ ಬಂದದ್ದು ಅಂದಾಗ ಅಪ್ಪ ಖುಷಿಯಾದರು. ಹ್ಯಾಟ್ರಿಕ್ ಆದಾಗ ಎಲ್ಲರೂ ತಮ್ಮ ಟೋಪಿ ತೆಗೆದು ಐಸ್ ಮೇಲೆ ಎಸೆಯುತ್ತಾರೆ ಅಂದೆ. ಅವರ ಎರಡೂ ಕೈ ತಲೆ ಮೇಲೆ ಹೋಯಿತು. "ನಿಮ್ಮಮ್ಮ ಹೆಣೆದಿದ್ದು ಕಣೋ ಇದು!"

ಮೂರನೇ ಗೋಲು ಬರಲಿಲ್ಲ. ಕ್ರಾಕನ್ ಸೋತಿತು. ಸುತ್ತ ಎಲ್ಲರ ಮುಖ ಸಣ್ಣಗಾಗಿತ್ತು. ಅಪ್ಪ ಮಾತ್ರ ಕ್ಯಾಪಿನ ಗುಂಡಿ ಬಿಗಿ ಮಾಡಿಕೊಂಡು, ಆ ತೊಟ್ಟಿ ಎಲ್ಲಿದೆ, ನೋಡಲು ಬಿಡ್ತಾರಾ ಅಂತ ಕೇಳಿದರು.