ಬಳ್ಳಾರಿ ಜೀನ್ಸ್‌ಗೆ ರೀಸೆಲ್ಲರ್ ಬೇಕೇ? ವಾಟ್ಸ್ಆ್ಯಪ್ ಬಿಸಿನೆಸ್ ಎಷ್ಟು ಕೆಲಸಕ್ಕೆ ಬರುತ್ತೆ

ಜೀನ್ಸ್ ಹೊಲಿಸುವ ಬಳ್ಳಾರಿಯ ಸಣ್ಣ ಯೂನಿಟ್‌ನವರು ಸಿಂಧನೂರು, ಗಂಗಾವತಿ ಕಡೆ ಮನೆಯಿಂದಲೇ ಮಾರುವವರನ್ನು ಹುಡುಕುತ್ತಿದ್ದರೆ ಈ ಆ್ಯಪ್ ಸಾಕು, ವೆಬ್‌ಸೈಟ್ ಬೇಡ. ಪುಕ್ಕಟೆ ಸಿಗುತ್ತೆ. ನಂಬಿಕೆ ಮಾತ್ರ ಪುಕ್ಕಟೆ ಸಿಗಲ್ಲ. "ಮನೆಯಲ್ಲೇ ಕೂತು ತಿಂಗಳಿಗೆ ಐವತ್ತು ಸಾವಿರ" ಅನ್ನೋ ಪೋಸ್ಟರ್ ನೋಡಿ ಜನ ರೋಸಿಹೋಗಿದ್ದಾರೆ.

ಮೊದಲು ಪ್ರೊಫೈಲ್. ಯೂನಿಟ್‌ನ ಪೂರ್ತಿ ವಿಳಾಸ, ಮ್ಯಾಪ್ ಲೊಕೇಶನ್, ಸಮಯ ಹಾಕಿ. ವಿವರಣೆಯಲ್ಲಿ 29ರಿಂದ ಶುರುವಾಗುವ 15 ಅಕ್ಷರದ ಜಿಎಸ್‌ಟಿ ನಂಬರ್ ಇರಲಿ. ಪೋರ್ಟಲ್‌ನಲ್ಲಿ ಯಾರು ಬೇಕಾದರೂ ಅದನ್ನು ಹಾಕಿ ಹೆಸರು, ನೋಂದಣಿ ದಿನಾಂಕ ನೋಡಬಹುದು. ದುಡ್ಡು ಕೊಟ್ಟು ತಗೊಳ್ಳುವ ಬ್ಲೂ ಟಿಕ್‌ಗಿಂತ ಇದಕ್ಕೆ ತೂಕ ಜಾಸ್ತಿ.

ಕ್ಯಾಟಲಾಗ್ ಈ ಆ್ಯಪ್‌ನ ಜೀವ. 500 ಐಟಂವರೆಗೆ ಹಾಕಬಹುದು, ಒಂದೊಂದಕ್ಕೆ 10 ಫೋಟೊ. ಗೂಗಲ್‌ನಿಂದ ಎತ್ತಿದ ಮಾಡೆಲ್ ಫೋಟೊ ಬೇಡ. ಪ್ಯಾಂಟನ್ನು ನೆಲದ ಮೇಲೆ ಹಾಸಿ, ಸೊಂಟಕ್ಕೆ ಟೇಪ್ ಇಟ್ಟು, ಇಂಚು ಓದೋ ಹಾಗೆ ತೆಗೀರಿ. ಝಿಪ್, ಒಳಹೊಲಿಗೆ, ಜೇಬಿನ ಬಟ್ಟೆ ಬೇರೆ ಬೇರೆ ತೋರಿಸಿ. ಟ್ಯೂಬ್‌ಲೈಟ್‌ನಲ್ಲಿ ನೀಲಿ ಬೇರೆಯೇ ಕಾಣುತ್ತೆ, ಹಗಲಿನ ನೆರಳಲ್ಲೇ ತೆಗೀಬೇಕು. ಹೆಚ್ಚಿನವರು ಎಡವೋದು ಶೇಡ್‌ನಲ್ಲಿ: ವಾಶಿಂಗ್ ಆದಮೇಲೆ ಎರಡನೇ ಲಾಟ್ (ಒಟ್ಟಿಗೆ ತಯಾರಾದ ಕಂತು) ಮೊದಲಿನ ಹಾಗೇ ಬರಲ್ಲ. ಐಟಂ ಕೋಡ್‌ಗೆ ಲಾಟ್ ನಂಬರ್ ಸೇರಿಸಿ, ಹೊಸ ಫೋಟೊ ಹಾಕದಿದ್ದರೆ ರಿಟರ್ನ್ ಗ್ಯಾರಂಟಿ.

ರೀಸೆಲ್ಲರ್‌ಗೆ ಉಳಿಯುವ ಲಾಭದ ಲೆಕ್ಕ ಕ್ವಿಕ್ ರಿಪ್ಲೈನಲ್ಲಿ, ಅಂದರೆ ಮೊದಲೇ ಬರೆದಿಡುವ ಉತ್ತರದಲ್ಲಿ, ಇಟ್ಟುಕೊಳ್ಳಿ. ಸ್ಲ್ಯಾಶ್ ಒತ್ತಿದರೆ ಬರುತ್ತೆ. ಉದಾಹರಣೆಗೆ 420 ರೂಪಾಯಿ ಪೀಸ್, 650ಕ್ಕೆ ಮಾರಾಟ. ಪೋಸ್ಟರ್ ಲೆಕ್ಕದಲ್ಲಿ ಲಾಭ 230. ಕ್ಯಾಶ್ ಆನ್ ಡೆಲಿವರಿಯಲ್ಲಿ 10 ಕಳಿಸಿ 2 ವಾಪಸ್ ಬಂದವು ಅಂದುಕೊಳ್ಳಿ. ಬಂದದ್ದು 5,200. ಮಾರಿದ 8ರ ಅಸಲು 3,360, ಹೋಗೋ ಕೊರಿಯರ್ 600, ವಾಪಸ್ ಬರೋದು 120, ಪ್ಯಾಕಿಂಗ್ 100. ಉಳಿಯೋದು 1,020, ಅಂದರೆ ಮಾರಿದ ಪೀಸಿಗೆ 127 ರೂಪಾಯಿ. ಈ ಲೆಕ್ಕವನ್ನೇ ಮೊದಲ ದಿನ ಕಳಿಸಿ. ಇದನ್ನು ಓದಿಯೂ ಬಂದವರು ಮೊದಲ ರಿಟರ್ನ್‌ಗೆ ಬಿಟ್ಟು ಹೋಗಲ್ಲ. ಸೇರಲು ಫೀ ಕೇಳಬೇಡಿ. ಜನ ಸೇರಿಸಿದ್ದಕ್ಕೆ ಕಮಿಷನ್ ಅಂತೂ ಬೇಡವೇ ಬೇಡ, ಪಿರಮಿಡ್ ಸ್ಕೀಮನ್ನು 2021ರ ನೇರ ಮಾರಾಟ ನಿಯಮಗಳು ನಿಷೇಧಿಸಿವೆ.

ಕೊರತೆ ಬ್ರಾಡ್‌ಕಾಸ್ಟ್‌ನದ್ದು, ಅಂದರೆ ಒಂದೇ ಮೆಸೇಜನ್ನು ಒಟ್ಟಿಗೆ ಹಲವರಿಗೆ ಕಳಿಸೋದರದ್ದು. ಒಂದು ಲಿಸ್ಟಿಗೆ 256 ಜನ, ಅದೂ ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗಷ್ಟೇ ಮೆಸೇಜ್ ತಲುಪುತ್ತೆ. ಗ್ರೀಟಿಂಗ್ ಮೆಸೇಜ್‌ನಲ್ಲೇ ಸೇವ್ ಮಾಡಿಕೊಳ್ಳಿ ಅಂತ ಕೇಳಿ. ಗುರುತಿಲ್ಲದ ನಂಬರ್‌ಗಳಿಗೆ ಒಟ್ಟಿಗೆ ಕಳಿಸಿದರೆ, ಅವರು ರಿಪೋರ್ಟ್ ಮಾಡಿ ನಿಮ್ಮ ನಂಬರೇ ಬ್ಯಾನ್ ಆಗಬಹುದು.

"ಮಾಲು ವಾಪಸ್ ತಗೊಂತೀರೇನಣ್ಣ?" ಅನ್ನೋದು ಎಲ್ಲರೂ ಕೇಳುವ ಪ್ರಶ್ನೆ. ಎಷ್ಟು ದಿನದೊಳಗೆ, ಯಾವ ದೋಷಕ್ಕೆ, ಕೊರಿಯರ್ ಖರ್ಚು ಯಾರದು, ಮೂರನ್ನೂ ಬರೆದು ಕಳಿಸಿ. ಮೊದಲ ಆರ್ಡರ್ 28ರಿಂದ 36ರ ಐದು ಪೀಸಿನ ಒಂದೇ ಸೆಟ್ ಇರಲಿ.