ಪಂಚಾಂಗ ಪಕ್ಕದಲ್ಲಿಟ್ಟುಕೊಂಡು ಅನಾಲಿಟಿಕ್ಸ್ ನೋಡುವುದು: ಅಡುಗೆ ಜಾಲತಾಣದ ನಾಲ್ಕು ವರ್ಷದ ಅನುಭವ

ಬೆಳಿಗ್ಗೆ ಒಂದು ಲೋಟ ಬಿಸಿ ಕಷಾಯ ಹಿಡಿದು ಜಗಲಿಯಲ್ಲಿ ಕೂತರೆ ನಾನು ಮೊದಲು ತೆರೆಯುವುದು ಗೂಗಲ್ ಸರ್ಚ್ ಕನ್ಸೋಲ್. ವಾಟ್ಸ್ಆ್ಯಪ್ ಆಮೇಲೆ. ನನ್ನದು ಶಿರಸಿ ಸೀಮೆಯ ಅಡುಗೆಗಳ ಒಂದು ಚಿಕ್ಕ ಜಾಲತಾಣ. ತಂಬುಳಿ, ಅಪ್ಪೆಹುಳಿ, ಪತ್ರೊಡೆ, ತೊಡೆದೇವು, ಕಳಲೆ ಪಲ್ಯ ಇಂಥವು. ಗೂಗಲ್ ಹುಡುಕಾಟದಲ್ಲಿ ನಮ್ಮ ಪುಟ ಹೇಗೆ ಕಾಣಿಸುತ್ತದೆ ಎಂದು ತೋರಿಸುವ ಸರ್ಚ್ ಕನ್ಸೋಲ್, ಬಂದವರು ಜಾಲತಾಣದಲ್ಲಿ ಏನು ಮಾಡಿದರು ಎಂದು ಲೆಕ್ಕ ಇಡುವ ಗೂಗಲ್ ಅನಾಲಿಟಿಕ್ಸ್ ಎರಡನ್ನೂ ನಾಲ್ಕು ವರ್ಷದಿಂದ ಬಳಸುತ್ತಿದ್ದೇನೆ. ಜೊತೆಗೆ ಒಂದು ಜಾಹೀರಾತು ಸೇವೆಯನ್ನೂ ಸೇರಿಸಿಕೊಂಡಿದ್ದೆ. ಡೊಮೇನ್, ಹೋಸ್ಟಿಂಗ್ ಖರ್ಚು ಹುಟ್ಟಿದರೆ ಸಾಕು, ಮೇಲೆ ಉಳಿದರೆ ಒಂದು ಒಳ್ಳೆ ಕ್ಯಾಮೆರಾ ಟ್ರೈಪಾಡ್ ಎಂಬುದಷ್ಟೇ ನನ್ನ ಲೆಕ್ಕ. ಜಾಹೀರಾತಿನಿಂದ ಮನೆ ನಡೆಸುವವರು ನನ್ನ ಮಾತನ್ನು ಸ್ವಲ್ಪ ಹೆಚ್ಚು-ಕಡಿಮೆ ಮಾಡಿಕೊಂಡು ಓದಬೇಕು. ಖಾತೆ ತೆರೆಯುವುದು, ಕೋಡ್ ಅಂಟಿಸುವುದು ಇತ್ಯಾದಿಗಳನ್ನು ಬರೆಯುವುದಿಲ್ಲ. ಅದನ್ನು ತೋರಿಸುವ ವಿಡಿಯೊಗಳು ಬೇಕಾದಷ್ಟಿವೆ.

ಸರ್ಚ್ ಕನ್ಸೋಲ್‌ನಲ್ಲಿ ನನ್ನನ್ನು ಹಿಡಿದು ಕೂರಿಸಿದ್ದು ಪ್ರಶ್ನೆಗಳ ಪಟ್ಟಿ. ಜನ ಗೂಗಲ್‌ನಲ್ಲಿ ಏನು ಟೈಪ್ ಮಾಡಿದಾಗ ನಮ್ಮ ಪುಟ ಕಾಣಿಸಿತು, ಎಷ್ಟು ಸಲ ಕಾಣಿಸಿತು, ಎಷ್ಟು ಜನ ಒತ್ತಿದರು ಎಂಬುದು ಅದರಲ್ಲಿ ಸಾಲುಸಾಲಾಗಿ ಬರುತ್ತದೆ. ತೀರಾ ವಿರಳವಾಗಿ ಹುಡುಕಿದ ಪದಗಳನ್ನು ಹುಡುಕಿದವರ ಖಾಸಗಿತನಕ್ಕಾಗಿ ಮುಚ್ಚಿಡುತ್ತಾರೆ. ಪಕ್ಕಾ ಮಾಹಿತಿಯೂ ಎರಡು-ಮೂರು ದಿನ ತಡವಾಗಿ ಬರುತ್ತದೆ. ಆದರೂ ಆ ಪಟ್ಟಿ ಓದುವುದೆಂದರೆ ನೂರಾರು ಅಡುಗೆಮನೆಗಳ ಬಾಗಿಲಲ್ಲಿ ನಿಂತು ಒಳಗಿನ ಮಾತು ಕೇಳಿಸಿಕೊಂಡ ಹಾಗೆ. 'ಚಕ್ಕುಲಿ ಎಣ್ಣೆಯಲ್ಲಿ ಒಡೆಯುತ್ತದೆ ಯಾಕೆ', 'ಕೆಸುವಿನ ಎಲೆ ತುರಿಕೆ ಹೋಗಲು', 'ಹೋಳಿಗೆ ಕಣಕ ಗಟ್ಟಿ ಆದರೆ'. ಒಬ್ಬೊಬ್ಬರ ಕೈಯಲ್ಲಿ ಹಿಟ್ಟು ಅಂಟಿಕೊಂಡೇ ಇದೆ ಅನ್ನಿಸುತ್ತದೆ.

ಮೊದಲ ದೊಡ್ಡ ಲಾಭ ಬಂದದ್ದೂ ಇದರಿಂದಲೇ. ಒಂದೆಲಗದ ತಂಬುಳಿಯ ಪುಟ ನನಗೆ ಬಹಳ ಪ್ರೀತಿಯದು. ಅಮ್ಮನ ಕೈಯ ರುಚಿಯನ್ನು ಅಳತೆಗೆ ಇಳಿಸಲು ಒಂದು ಮಳೆಗಾಲ ಹಿಡಿದಿತ್ತು. ಆದರೆ ಓದುವವರೇ ಇಲ್ಲ. ಪಟ್ಟಿಯಲ್ಲಿ ನೋಡಿದರೆ ಎಲ್ಲೋ ಕೆಳಗೆ 'ತಿಮರೆ' ಎಂಬ ಪದಕ್ಕೆ ಆ ಪುಟ ನೂರಾರು ಸಲ ಕಾಣಿಸಿದೆ, ಒತ್ತಿದವರು ಬೆರಳೆಣಿಕೆ. ಮಂಗಳೂರಿನ ಕಡೆ ಅದೇ ಸೊಪ್ಪಿಗೆ ತಿಮರೆ ಎನ್ನುತ್ತಾರೆ. ಬ್ರಾಹ್ಮಿ ಎಂದೇ ಕರೆಯುವವರೂ ಇದ್ದಾರೆ. ಶೀರ್ಷಿಕೆಯಲ್ಲಿ ನಮ್ಮ ಸೀಮೆಯ ಹೆಸರು ಮಾತ್ರ ನೋಡಿದವರಿಗೆ ಇದು ತಮಗೆ ಬೇಕಾದದ್ದೇ ಎಂದು ಹೇಗೆ ತಿಳಿಯಬೇಕು? ಮೂರು ಹೆಸರನ್ನೂ ಶೀರ್ಷಿಕೆಗೂ ಮೊದಲ ಸಾಲಿಗೂ ಸೇರಿಸಿದೆ. ಕೆಲವೇ ವಾರಗಳಲ್ಲಿ ಆ ಪುಟಕ್ಕೆ ದಿನವೂ ಜನ ಬರತೊಡಗಿದರು. ಆಮೇಲೆ ಮೊಗೆಕಾಯಿಗೆ ಮಂಗಳೂರು ಸೌತೆ, ಸಾಂಬಾರ್ ಸೌತೆ, ದೊಡ್ಡಪತ್ರೆಗೆ ಸಾಂಬಾರಸೊಪ್ಪು, ತಂಬುಳಿಗೆ ತಂಬ್ಳಿ. ಒಂದೊಂದು ತರಕಾರಿಗೂ ಊರೂರಿನ ಹೆಸರು ಕೂಡಿಸುತ್ತಾ ಹೋದೆ. ಒಂದು ಪೈಸೆ ಖರ್ಚಿಲ್ಲದ ಈ ಕೆಲಸ ಮಾಡಿದಷ್ಟು ಪ್ರಯೋಜನವನ್ನು ನಾನು ಮಾಡಿದ ಬೇರೆ ಯಾವುದೂ ಮಾಡಿಲ್ಲ.

ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಬರೆದು ಹುಡುಕುವವರು ಇನ್ನೊಂದು ದೊಡ್ಡ ಗುಂಪು. ಒಂದು ಪತ್ರೊಡೆಗೆ ಎಷ್ಟು ಕಾಗುಣಿತ! ಅವನ್ನೆಲ್ಲ ಪುಟದಲ್ಲಿ ತುರುಕುವುದು ಬೇಡ. ಜಾಲತಾಣದ ವಿಳಾಸದಲ್ಲಿ ಹೆಚ್ಚು ಬಳಕೆಯ ಒಂದು ಕಾಗುಣಿತ ಇಟ್ಟರೆ ಸಾಕು ಎಂಬುದು ನನ್ನ ಅನುಭವ.

ಅನಾಲಿಟಿಕ್ಸ್ ವಿಷಯಕ್ಕೆ ಬರುತ್ತೇನೆ. ನಾನು ಶುರುಮಾಡಿದಾಗ ಹಳೆಯ ಯೂನಿವರ್ಸಲ್ ಅನಾಲಿಟಿಕ್ಸ್ ಇತ್ತು. ಅದು 2023ರ ಜುಲೈ 1ಕ್ಕೆ ಹೊಸ ಲೆಕ್ಕ ಬರೆದುಕೊಳ್ಳುವುದನ್ನು ನಿಲ್ಲಿಸಿತು. ಈಗ ಇರುವುದು ಜಿಎ4, ಅಂದರೆ ಗೂಗಲ್ ಅನಾಲಿಟಿಕ್ಸ್ 4. ಹಳೆಯ ಲೆಕ್ಕವನ್ನು ಕಂಪ್ಯೂಟರಿಗೆ ಇಳಿಸಿಕೊಂಡಿದ್ದೆ, ಆ ಬುದ್ಧಿ ಬಂದದ್ದಕ್ಕೆ ಇವತ್ತಿಗೂ ಖುಷಿಯಿದೆ. ಹೊಸಬರಿಗೆ ಒಂದೇ ಒಂದು ಮಾತು: ಖಾತೆ ತೆರೆದ ದಿನವೇ ಸೆಟ್ಟಿಂಗ್‌ನಲ್ಲಿ ಡೇಟಾ ಉಳಿಸಿಕೊಳ್ಳುವ ಅವಧಿ ನೋಡಿ. ಅದು ತಾನಾಗಿ 2 ತಿಂಗಳಿಗೆ ನಿಂತಿರುತ್ತದೆ. 14 ತಿಂಗಳಿಗೆ ಏರಿಸಿಕೊಳ್ಳಿ. ಇಲ್ಲದಿದ್ದರೆ ವಿವರವಾಗಿ ಅಗೆದು ನೋಡಬೇಕು ಅನ್ನಿಸಿದಾಗ ಹೋದ ಹಬ್ಬದ ಲೆಕ್ಕ ಸಿಗುವುದಿಲ್ಲ.

ಹಬ್ಬ ಅಂದೆ. ಅಡುಗೆ ಜಾಲತಾಣಕ್ಕೆ ಹಬ್ಬವೇ ಸುಗ್ಗಿ. ಸಂಕ್ರಾಂತಿಗೆ ಎಳ್ಳುಬೆಲ್ಲ, ಯುಗಾದಿಗೆ ಹೋಳಿಗೆ, ಚೌತಿಗೆ ಚಕ್ಕುಲಿ, ಮೋದಕ. ಗೌರಿ ಹಬ್ಬದ ಹಿಂದಿನ ಸಂಜೆ ಜಿಎ4ನ ರಿಯಲ್‌ಟೈಮ್ ಪುಟ ತೆರೆದು ಕೂರುವುದು ನನಗೊಂದು ಅಭ್ಯಾಸ. ಕಳೆದ 30 ನಿಮಿಷದಲ್ಲಿ ಯಾರು ಎಲ್ಲಿಂದ ಬಂದರು ಎಂದು ನಕ್ಷೆಯಲ್ಲಿ ಚುಕ್ಕಿಗಳು ಮೂಡುತ್ತವೆ. ಒಲೆಯ ಮೇಲೆ ನನ್ನದೇ ಚಕ್ಕುಲಿ ಬೇಯುತ್ತಿರುವಾಗ ಬೆಂಗಳೂರು, ಹುಬ್ಬಳ್ಳಿ, ದುಬೈನಲ್ಲಿ ಇನ್ಯಾರೋ ಹಿಟ್ಟು ಕಲಸುತ್ತಿದ್ದಾರೆ ಎಂದು ಕಾಣುವುದು ಬಹಳ ಹಿತ. ನಕ್ಷೆಯ ಊರನ್ನು ಮಾತ್ರ ಪೂರ್ತಿ ನಂಬಬಾರದು. ಮೊಬೈಲ್ ಡೇಟಾದಲ್ಲಿ ಬಂದವರ ಊರು ಐಪಿ ವಿಳಾಸದಿಂದ ಸರಿಯಾಗಿ ಸಿಗುವುದಿಲ್ಲ.

ಆದರೆ ಈ ಸಾಧನಗಳಿಗೆ ನಮ್ಮ ಹಬ್ಬ ಗೊತ್ತಿಲ್ಲ. ಹಿಂದಿನ ವರ್ಷಕ್ಕೆ ಹೋಲಿಸಿ ನೋಡು ಎಂದರೆ ತಾರೀಖಿಗೆ ತಾರೀಖು ಜೋಡಿಸಿ ತೋರಿಸುತ್ತವೆ. ಗಣೇಶ ಚೌತಿ 2024ರಲ್ಲಿ ಸೆಪ್ಟೆಂಬರ್ 7ಕ್ಕೆ ಬಂತು, 2025ರಲ್ಲಿ ಆಗಸ್ಟ್ 27ಕ್ಕೆ. ಯುಗಾದಿ 2024ರಲ್ಲಿ ಏಪ್ರಿಲ್ 9, ಮರುವರ್ಷ ಮಾರ್ಚ್ 30. ಸೆಪ್ಟೆಂಬರ್ ಮೊದಲ ವಾರವನ್ನು ಹೋದ ವರ್ಷದ ಅದೇ ವಾರಕ್ಕೆ ಹೋಲಿಸಿದರೆ ಜಾಲತಾಣ ಮುಳುಗಿಹೋಯಿತು ಎಂಬಂತೆ ಗೆರೆ ಕೆಳಗಿಳಿದಿರುತ್ತದೆ. ಮೊದಲ ಸಲ ಹಾಗೆ ಕಂಡಾಗ ಎರಡು ರಾತ್ರಿ ನಿದ್ದೆ ಮಾಡಿಲ್ಲ. ಈಗ ಲ್ಯಾಪ್‌ಟಾಪ್ ಪಕ್ಕ ಪಂಚಾಂಗ ಇರುತ್ತದೆ. ತಿಥಿಗೆ ತಿಥಿ ಹೊಂದಿಸಿ, ಹಬ್ಬದ ಹಿಂದಿನ ಹತ್ತು ದಿನಕ್ಕೆ ಹಿಂದಿನ ವರ್ಷದ ಹತ್ತು ದಿನ ಎಂದು ನಾನೇ ತಾರೀಖು ಕೊಟ್ಟು ನೋಡುತ್ತೇನೆ. ಸರ್ಚ್ ಕನ್ಸೋಲ್ 16 ತಿಂಗಳ ಲೆಕ್ಕ ಇಟ್ಟಿರುವುದರಿಂದ ಒಂದು ಹಬ್ಬಕ್ಕೆ ಹೋದ ವರ್ಷದ ಹಬ್ಬ ಧಾರಾಳವಾಗಿ ಸಿಗುತ್ತದೆ. ಅದಕ್ಕಿಂತ ಹಿಂದಿನದು ಬೇಕೆನ್ನುವವರು ವರ್ಷಕ್ಕೊಮ್ಮೆ ಇಳಿಸಿಕೊಂಡಿಡಬೇಕು.

ಇನ್ನು ಜಾಹೀರಾತು. ಇಲ್ಲಿಂದ ಮುಂದೆ ನನ್ನ ದನಿ ಬದಲಾದರೆ ಓದುವವರು ತಪ್ಪು ತಿಳಿಯಬೇಡಿ.

ನಾನು ಸೇರಿದ ಸೇವೆಯ ಹೆಸರು ಬೇಡ. ಅದರಲ್ಲಿ 'ಜಾಗವನ್ನು ನಾವೇ ಆರಿಸುತ್ತೇವೆ' ಎಂಬ ಒಂದು ಗುಂಡಿ ಇದೆ. ಒತ್ತಿದರೆ ಯಂತ್ರವೇ ಪುಟ ನೋಡಿ ಎಲ್ಲೆಲ್ಲಿ ಜಾಹೀರಾತು ಹಾಕಬೇಕೆಂದು ತೀರ್ಮಾನಿಸುತ್ತದೆ. ಒತ್ತಿದೆ. ಮೊದಲ ತಿಂಗಳು ಆದಾಯ ಏರಿತು, ನಾನೂ ಹಿಗ್ಗಿದೆ. ಅಷ್ಟರಲ್ಲಿ ಅನಾಲಿಟಿಕ್ಸ್‌ನಲ್ಲಿ ಬೇರೆಯದೇ ಒಂದು ಸುದ್ದಿ ಬರುತ್ತಿತ್ತು. ಜಿಎ4 ತಾನಾಗಿ ಲೆಕ್ಕ ಹಿಡಿಯುವುದು ಪುಟದ ಶೇ. 90ರಷ್ಟು ಕೆಳಗೆ ಹೋದವರನ್ನು ಮಾತ್ರ. ಅಡುಗೆ ಪುಟದಲ್ಲಿ ಅಷ್ಟು ಕೆಳಗೆ ಹೋಗುವವರು ಕಡಿಮೆ, ವಿಧಾನ ಮುಗಿದರೆ ಕೆಲಸ ಮುಗಿಯಿತು. ಹಾಗಾಗಿ ನಾನು ಟ್ಯಾಗ್ ಮ್ಯಾನೇಜರ್ ಎಂಬ ಗೂಗಲ್‌ನ ಇನ್ನೊಂದು ಸಾಧನದಿಂದ 25, 50, 75 ಎಂದು ಮೂರು ಗೆರೆ ಎಳೆದುಕೊಂಡಿದ್ದೆ. ಮೊದಲೆಲ್ಲ 25 ದಾಟಿದವರಲ್ಲಿ ಹೆಚ್ಚಿನವರು 50 ದಾಟುತ್ತಿದ್ದರು. ಗುಂಡಿ ಒತ್ತಿದ ಮೇಲೆ ಆ ಎರಡರ ನಡುವೆ ಜನ ಸೋರಿಹೋಗತೊಡಗಿದರು. ಸಾಮಗ್ರಿಯ ಪಟ್ಟಿ ಮುಗಿದು ವಿಧಾನ ಶುರುವಾಗುವ ಜಾಗ ಅದು. ನನ್ನ ಬರವಣಿಗೆ ಉದ್ದವಾಯಿತೇನೋ ಎಂದುಕೊಂಡು ಹದಿನೈದು ಪುಟಗಳ ಪೀಠಿಕೆ ಕತ್ತರಿಸಿದೆ. ಏನೂ ಬದಲಾಗಲಿಲ್ಲ.

ಕಾರಣ ಹೇಳಿದ್ದು ಸಾಗರದ ಚಿಕ್ಕಮ್ಮ. ಒಂದು ಮಧ್ಯಾಹ್ನ ಫೋನ್ ಮಾಡಿದರು.

"ಮಾರಾಯ್ತಿ, ನಿನ್ನ ಪುಟದಲ್ಲಿ ಅಡುಗೆ ಎಲ್ಲಿ ಹೋಯ್ತು? ಒಗ್ಗರಣೆಗೆ ಎಣ್ಣೆ ಕಾಯ್ತಾ ಇದೆ, ಮುಂದೇನು ಹಾಕೋದು ನೋಡುವಾ ಅಂದ್ರೆ ಸಾಲ ಬೇಕಾ ಸಾಲ ಬೇಕಾ ಅಂತ್ಲೇ ಬರ್ತದೆ. ಬೆರಳು ಇಟ್ಟಲ್ಲಿಂದ ಅಕ್ಷರ ಕೆಳಗೆ ಜಾರ್ತದೆ."

"ಚಿಕ್ಕಮ್ಮ, ಸ್ವಲ್ಪ ಕೆಳಗೆ ಸರಿಸಿ ನೋಡಿ."

"ಕೈ ತುಂಬ ಹುಳಿ ಇದೆ, ಎಷ್ಟು ಸಲ ಸರಿಸ್ಲಿ? ಸಾಸಿವೆ ಸೀದು ಹೋಯ್ತು."

ನಾನು ಅಲ್ಲಿಯವರೆಗೆ ಪುಟ ನೋಡುತ್ತಿದ್ದುದು ಲ್ಯಾಪ್‌ಟಾಪಿನಲ್ಲಿ. ಅವತ್ತು ಚಿಕ್ಕಮ್ಮನ ಹಾಗೆ ಹಳೆಯ ಫೋನಿನಲ್ಲಿ, ಬ್ರಾಡ್‌ಬ್ಯಾಂಡ್ ಬಿಟ್ಟು ಮೊಬೈಲ್ ಡೇಟಾದಲ್ಲಿ, ಒಂದು ಕೈ ಒದ್ದೆ ಮಾಡಿಕೊಂಡು ನನ್ನದೇ ಅಪ್ಪೆಹುಳಿ ಮಾಡಲು ನಿಂತೆ. ಮಾವಿನಕಾಯಿ ಬೇಯಿಸಿ ಹಿಚುಕುವ ಸಾಲಿಗೂ ನೀರು ಬೆರೆಸುವ ಸಾಲಿಗೂ ನಡುವೆ ಒಂದು ಪೂರ್ತಿ ಪರದೆಯಷ್ಟು ಜಾಹೀರಾತು. ಕೆಳಗಡೆ ಅಂಟಿಕೊಂಡ ಪಟ್ಟಿ ಬೇರೆ. ಒಂದೇ ಪುಟದಲ್ಲಿ ಒಂಬತ್ತು ಎಣಿಸಿದೆ. ಉತ್ತಮ ಜಾಹೀರಾತಿಗಾಗಿ ಉದ್ಯಮದವರೇ ಕೂಡಿ ಮಾಡಿಕೊಂಡ 'ಬೆಟರ್ ಆಡ್ಸ್' ಮಾನದಂಡದಲ್ಲಿ, ಮೊಬೈಲಿನಲ್ಲಿ ಮುಖ್ಯ ಬರಹದ ಎತ್ತರದ ಶೇ. 30ಕ್ಕಿಂತ ಹೆಚ್ಚು ಜಾಗ ಜಾಹೀರಾತಿಗೆ ಹೋಗಬಾರದು ಎಂದಿದೆ. ಸ್ಕ್ರೀನ್‌ಶಾಟ್ ತೆಗೆದು ಒಂದರ ಕೆಳಗೊಂದು ಜೋಡಿಸಿ ಅಳೆದೆ. ದಾಟಿತ್ತು. ಯಂತ್ರ ತನ್ನ ಕೆಲಸ ಮಾಡಿದೆ ನಿಜ. ಆದರೆ ಪುಟದ ಮೇಲೆ ಇರುವುದು ನನ್ನ ಅಮ್ಮನ ಅಡುಗೆ, ಓದುವವರು ಬರುವುದು ನನ್ನ ಮೇಲೆ ನಂಬಿಕೆಯಿಟ್ಟು. ನಿಜವಾಗಿ ಕೋಪ ಬಂತು, ಸಂಕಟವೂ ಆಯಿತು.

ಸೇವೆಯವರಿಗೆ ಎರಡು ಸಲ ಬರೆದೆ. ಎರಡು ಸಲವೂ ಇನ್ನಷ್ಟು ಜಾಹೀರಾತು ಹಾಕಿದರೆ ಆದಾಯ ಹೆಚ್ಚಬಹುದು ಎಂಬ ಅಚ್ಚು ಹೊಡೆದ ಉತ್ತರ. ಇದಕ್ಕೆ ನನ್ನ ಲೆಕ್ಕದಲ್ಲಿ ಕ್ಷಮೆಯಿಲ್ಲ. ಆ ಗುಂಡಿಯನ್ನು ಬಂದ್ ಮಾಡಿ ಜಾಗಗಳನ್ನು ಕೈಯಿಂದಲೇ ಹಾಕಲು ಕೂತೆ.

ಎಲ್ಲಿ ಹಾಕಬೇಕು ಎಂದು ಹೇಳಿಕೊಟ್ಟದ್ದು ಮತ್ತೆ ಅಂಕಿಗಳೇ. ಜಿಎ4ನಲ್ಲಿ 30 ನಿಮಿಷ ಏನೂ ಮಾಡದಿದ್ದರೆ ಒಂದು ಭೇಟಿ ಮುಗಿದಂತೆ. ಉದ್ದಿನಬೇಳೆ, ಅಕ್ಕಿ ನೆನೆಹಾಕುವ ಅಡುಗೆಗಳಲ್ಲಿ ಒಬ್ಬರೇ ಎರಡು-ಮೂರು ಸಲ ಬಂದದ್ದು ಕಾಣುತ್ತದೆ. ಮೊದಲ ಸಲ ಸಾಮಗ್ರಿ ನೋಡಿ ನೆನೆಹಾಕಿ ಹೋಗುತ್ತಾರೆ, ತಾಸೆರಡು ತಾಸು ಬಿಟ್ಟು ರುಬ್ಬಲು ಬರುತ್ತಾರೆ. ಸಾಮಗ್ರಿ ನೋಡುವಾಗ ಕೈ ಖಾಲಿ, ಮನಸ್ಸೂ ನಿರಾಳ. ಡಬ್ಬಿ ಹುಡುಕುತ್ತಾ ಫೋನನ್ನು ಕಟ್ಟೆಯ ಮೇಲೆ ಇಟ್ಟಿರುತ್ತಾರೆ. ಹಾಗಾಗಿ ಒಂದು ಜಾಹೀರಾತನ್ನು ಸಾಮಗ್ರಿ ಪಟ್ಟಿಯ ಕೆಳಗೆ ಇಟ್ಟೆ. ವಿಧಾನದ ಒಂದರಿಂದ ಕೊನೆಯ ಹಂತದವರೆಗೆ ಒಂದೂ ಇಲ್ಲ. ವಿಧಾನ ಮುಗಿದ ಮೇಲೆ ಇನ್ನೊಂದು. ಅಷ್ಟೇ, ಪುಟಕ್ಕೆ ಎರಡು. ಜಾಹೀರಾತಿನ ಅರ್ಧ ಭಾಗ ಕನಿಷ್ಠ 1 ಸೆಕೆಂಡ್ ಪರದೆಯ ಮೇಲೆ ಇದ್ದರೆ ಅದನ್ನು 'ನೋಡಿದಂತೆ' ಎಂದು ಲೆಕ್ಕ ಹಿಡಿಯುವುದು ರೂಢಿ. ಸಾಮಗ್ರಿಯ ಕೆಳಗಿನದು ಅದಕ್ಕಿಂತ ಎಷ್ಟೋ ಹೆಚ್ಚು ಹೊತ್ತು ಕಣ್ಣ ಮುಂದಿರುತ್ತದೆ, ಯಾರ ಸಾಸಿವೆಯೂ ಸೀಯುವುದಿಲ್ಲ.

ಅಕ್ಷರ ಜಾರುವುದನ್ನು ನಿಲ್ಲಿಸಲು ಜಾಹೀರಾತಿನ ಜಾಗದ ಎತ್ತರವನ್ನು ಮೊದಲೇ ಕಾದಿರಿಸಿದೆ. ಪುಟ ಎಷ್ಟು ಕುಣಿಯುತ್ತದೆ ಎಂಬುದಕ್ಕೆ ಗೂಗಲ್ ಸಿಎಲ್‌ಎಸ್ ಎಂಬ ಅಳತೆ ಇಟ್ಟಿದೆ, 0.1 ಅಥವಾ ಕಡಿಮೆ ಇದ್ದರೆ ಒಳ್ಳೆಯದು. ಸರ್ಚ್ ಕನ್ಸೋಲ್‌ನಲ್ಲಿ ನನ್ನ ಪುಟಗಳು ಕೆಂಪಿನಿಂದ ಹಸಿರಿಗೆ ಬರಲು ಸುಮಾರು ಒಂದು ತಿಂಗಳು ಹಿಡಿಯಿತು. 'ಮುದ್ರಿಸಿ' ಎಂಬ ಗುಂಡಿಯ ಹತ್ತಿರ ಇದ್ದ ಜಾಹೀರಾತನ್ನೂ ತೆಗೆದೆ. ಅಲ್ಲಿ ಬೀಳುತ್ತಿದ್ದ ಕ್ಲಿಕ್ಕುಗಳು ಕೈತಪ್ಪಿ ಬಿದ್ದವು, ಅಮಾನ್ಯ ಎಂದು ತಿಂಗಳ ಕೊನೆಗೆ ಕಡಿತವಾಗುತ್ತಿದ್ದವು.

ಆದಾಯದ ಮಾತು ಮುಚ್ಚಿಡುವುದಿಲ್ಲ. ಮೊದಲ ತಿಂಗಳು ಅರ್ಧಕ್ಕಿಂತ ಕೆಳಗೆ ಇಳಿಯಿತು. ಮೂರನೆಯ ತಿಂಗಳಿಂದ ನಿಧಾನಕ್ಕೆ ಏರಿತು. 50ರ ಗೆರೆ ದಾಟುವವರು ಮರಳಿದರು, ಒಂದು ಪುಟದಿಂದ ಇನ್ನೊಂದಕ್ಕೆ ಹೋಗುವವರು ಹೆಚ್ಚಿದರು. ಚೌತಿಯ ಹತ್ತು ದಿನಗಳನ್ನು ತಿಥಿಯಂತೆ ಹೋಲಿಸಿದಾಗ ಆದಾಯ ಹಿಂದಿನ ಒಂಬತ್ತು ಜಾಹೀರಾತಿನ ಕಾಲಕ್ಕಿಂತ ತುಸು ಕಡಿಮೆ, ಓದುಗರು ಮಾತ್ರ ಸ್ಪಷ್ಟವಾಗಿ ಹೆಚ್ಚು. ಹೋಸ್ಟಿಂಗ್ ಹಣ ಹುಟ್ಟಿದೆ. ಟ್ರೈಪಾಡ್ ಇನ್ನೊಂದು ವರ್ಷ ಕಾಯಲಿ, ತೊಂದರೆಯಿಲ್ಲ.

ಸರ್ಚ್ ಕನ್ಸೋಲ್‌ಗೆ ಐದಕ್ಕೆ ಐದು, ಕಣ್ಣು ಮುಚ್ಚಿ ಕೊಡುತ್ತೇನೆ. ಅನಾಲಿಟಿಕ್ಸ್‌ಗೆ ಮೂರೂವರೆ: ನನ್ನಂಥ ಒಬ್ಬರೇ ನಡೆಸುವ ಜಾಲತಾಣಕ್ಕೆ ಅದರಲ್ಲಿ ಬೇಡದ ಕೋಣೆಗಳು ಬಹಳ, ಬೇಕಾದ್ದನ್ನು ಹುಡುಕಲು ಹೊತ್ತು ಹಿಡಿಯುತ್ತದೆ. ಜಾಹೀರಾತು ಸೇವೆಗೆ ಕೈಯಿಂದ ಜಾಗ ಆರಿಸಿದರೆ ಮೂರು, ಆ ಗುಂಡಿಗೆ ಒಂದು.

ಮೊನ್ನೆಯ ಪಟ್ಟಿಯಲ್ಲಿ 'ಅಪ್ಪೆಹುಳಿಗೆ ಉಪ್ಪು ಜಾಸ್ತಿ ಆಗಿದೆ' ಎಂಬ ಸಾಲು ಕಂಡಿತು. ನನ್ನ ಪುಟ ಕಾಣಿಸಿದೆ, ಒತ್ತಿದವರು ಯಾರೂ ಇಲ್ಲ. ಅದಕ್ಕೆ ಉತ್ತರ ಪುಟದಲ್ಲಿ ಇರಲಿಲ್ಲ. ಇನ್ನೊಂದು ಬೆಂದ ಮಾವಿನಕಾಯಿ ಹಿಚುಕಿ ನೀರು ಸೇರಿಸಿ, ಒಗ್ಗರಣೆ ಮಾತ್ರ ಮತ್ತೆ ಹಾಕಿ ಎಂದು ನಿನ್ನೆ ಸಂಜೆ ವಿಧಾನದ ಕೊನೆಗೆ ಎರಡು ಸಾಲು ಬರೆದು ಸೇರಿಸಿದೆ. ಕೆಳಗಿನ ಜಾಹೀರಾತನ್ನು ಅಷ್ಟು ಕೆಳಕ್ಕೆ ಸರಿಸಿದೆ.