ಅಮಾನೋ ಅಂತ ಹೇಳಿ ಕೊಟ್ಟ ಸಿಗಡಿ ಟ್ಯಾಂಕಿನಲ್ಲಿದ್ದವನ್ನೇ ಬೇಟೆಯಾಡಿತು: ಕೊಳ್ಳುವ ಮುಂಚೆ ಅದರ ಕೈ ನೋಡಿ

ಮನೆಯ ಟ್ಯಾಂಕಿನಲ್ಲಿ ಚೆರ್ರಿ ಸಿಗಡಿ (ಸಾಮಾನ್ಯವಾಗಿ ಕೆಂಪಗಿರುವ ಪುಟ್ಟ ಸಾಕು ಸಿಗಡಿ) ಸಾಕುವವರು, ಗಪ್ಪಿ, ನಿಯಾನ್ ಟೆಟ್ರಾದಂಥ ಚಿಕ್ಕ ಮೀನು ಇಟ್ಟುಕೊಂಡವರು ದಯವಿಟ್ಟು ಇದನ್ನು ಪೂರ್ತಿ ಓದಿ. ಅಂಗಡಿಯಲ್ಲಿ 'ಅಮಾನೋ', 'ಘೋಸ್ಟ್', 'ಗ್ಲಾಸ್ ಶ್ರಿಂಪ್' ಅಂತ ಮಾರುವ ಬಣ್ಣವಿಲ್ಲದ ಸಿಗಡಿಗಳ ಜೊತೆ ಮ್ಯಾಕ್ರೋಬ್ರಾಕಿಯಂ ಕುಲದ ಮರಿಗಳೂ ಬಂದುಬಿಡಬಹುದು. ಅವು ಬರೀ ಪಾಚಿ ತಿಂದುಕೊಂಡು ತಮ್ಮ ಪಾಡಿಗೆ ಇರುವ ಪ್ರಾಣಿಗಳಲ್ಲ. ಸಿಕ್ಕ ಸಿಗಡಿಯನ್ನೂ ಮೀನನ್ನೂ ಹಿಡಿದು ತಿನ್ನುತ್ತವೆ.

ನನ್ನ ಗಿಡಗಳ ಟ್ಯಾಂಕಿನಲ್ಲಿ ದಾರದಂಥ ಪಾಚಿ ಜಾಸ್ತಿಯಾಗಿತ್ತು. ಅದಕ್ಕೆ ಅಮಾನೋ ಸಿಗಡಿ ಒಳ್ಳೆಯದು. ಜಪಾನಿನ ತಕಾಶಿ ಅಮಾನೋ 1980ರ ದಶಕದಲ್ಲಿ ತಮ್ಮ ಗಿಡದ ಟ್ಯಾಂಕುಗಳಲ್ಲಿ ಪಾಚಿ ತಿನ್ನಿಸಲು ಬಳಸಿ ಹೆಸರುವಾಸಿ ಮಾಡಿದ ಸಿಗಡಿ ಅದು. ಬೆಂಗಳೂರಿನ ಒಂದು ಅಂಗಡಿಯಲ್ಲಿ ವಿಚಾರಿಸಿದೆ. "ಪಕ್ಕಾ ಅಮಾನೋ ಸರ್, ಯಾರಿಗೂ ಏನೂ ಮಾಡಲ್ಲ" ಅಂದರು. ಚಿಕ್ಕ ಚಿಕ್ಕ ಮರಿಗಳು. ಬೆಲೆಯೂ ಕಮ್ಮಿ.

ಮೊದಮೊದಲು ಎಲ್ಲ ಸರಿಯಾಗಿಯೇ ಇತ್ತು. ಆಮೇಲೆ ಬೆಳಗ್ಗೆ ಎದ್ದು ನೋಡಿದರೆ ಜಾವಾ ಮಾಸ್ ಅನ್ನುವ ಗಿಡದ ಪಕ್ಕ ನನ್ನ ಚೆರ್ರಿಗಳ ಕೆಂಪು ಚೂರುಗಳು ಕಾಣತೊಡಗಿದವು. ಅಂಗಡಿಗೆ ಫೋನ್ ಮಾಡಿದೆ. "ಅದು ಪೊರೆ ಬಿಟ್ಟಿರೋದು ಸರ್, ನಾರ್ಮಲ್" ಅಂತ ಉತ್ತರ ಬಂತು. ಸಿಗಡಿ ಪೊರೆ ಬಿಡುವುದು ನಿಜ. ಆದರೆ ಪೊರೆ ಟೊಳ್ಳಾಗಿರುತ್ತದೆ, ಆಚೆ ಬದಿ ಕಾಣುವಷ್ಟು ತೆಳ್ಳಗಿರುತ್ತದೆ, ತಲೆಯ ಹಿಂಭಾಗದಲ್ಲಿ ಬಿರಿದಿರುತ್ತದೆ. ನನಗೆ ಸಿಗುತ್ತಿದ್ದವುಗಳಲ್ಲಿ ಮಾಂಸವಿತ್ತು. ಅರ್ಧ ತಿಂದು ಬಿಟ್ಟ ಬಾಲ, ಬರೀ ತಲೆ, ಹೀಗೆ. ನೀರು ಪರೀಕ್ಷೆ ಮಾಡಿದೆ. ವಿಷವಾಗುವ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ. ಅಂದರೆ ಅವು ನೀರು ಕೆಟ್ಟು ಸಾಯುತ್ತಿರಲಿಲ್ಲ. ಅಷ್ಟರಲ್ಲಿ ಟೆಟ್ರಾಗಳ ಬಾಲವೂ ಹರಿಯತೊಡಗಿತು. ಒಂದು ರಾತ್ರಿ ದೀಪ ಆರಿಸಿ, ಸ್ವಲ್ಪ ಹೊತ್ತು ಬಿಟ್ಟು ಟಾರ್ಚ್ ಹಾಕಿ ನೋಡಿದರೆ ಒಂದು 'ಅಮಾನೋ' ಮೊಟ್ಟೆ ಹೊತ್ತ ಚೆರ್ರಿಯನ್ನು ಎರಡು ಉದ್ದ ಕೈಗಳಲ್ಲಿ ಅವುಚಿ ಹಿಡಿದು ತಿನ್ನುತ್ತಿತ್ತು. ನನಗೆ ತುಂಬ ಸಂಕಟವಾಯಿತು. ತಿಂಗಳುಗಟ್ಟಲೆ ಬೆಳೆಸಿದ ಗುಂಪು ಅದು. ಹೊಸದಾಗಿ ಪೊರೆ ಬಿಟ್ಟು ಮೈ ಮೆತ್ತಗಿರುವ ಸಿಗಡಿಗಳಂತೂ ಇವುಗಳ ಕೈಗೆ ಸಿಕ್ಕರೆ ಮುಗಿಯಿತು.

ಹಾಗಾದರೆ ಗುರುತು ಹಿಡಿಯುವುದು ಹೇಗೆ? ಬಣ್ಣ ನೋಡಬೇಡಿ, ಕೈ ನೋಡಿ. ಸಿಗಡಿಗೆ ಐದು ಜೋಡಿ ನಡೆಯುವ ಕಾಲುಗಳು. ಈ ಸಿಗಡಿಗಳಲ್ಲಿ ಮುಂದಿನ ಎರಡು ಜೋಡಿಯ ತುದಿಗೆ ಇಕ್ಕಳ ಇರುತ್ತದೆ. ನಾನು ಕೈ ಅನ್ನುವುದು ಇವನ್ನೇ. ಚೆರ್ರಿ, ಅಮಾನೋ ಎರಡಕ್ಕೂ ಈ ಎರಡು ಜೋಡಿ ತೀರಾ ಗಿಡ್ಡ. ತುದಿಯಲ್ಲಿ ಬ್ರಷ್‌ನಂತೆ ಕೂದಲ ಗುಚ್ಛ. ಎಲೆ, ಕಲ್ಲು, ಗಾಜು ಎಲ್ಲವನ್ನೂ ಕೆರೆದು ಕೆರೆದು ಬಾಯಿಗೆ ಹಾಕಿಕೊಳ್ಳುತ್ತಲೇ ಇರುತ್ತವೆ. ಮ್ಯಾಕ್ರೋಬ್ರಾಕಿಯಂನಲ್ಲಿ ಮೊದಲ ಜೋಡಿ ಸಣ್ಣದು, ಎರಡನೇ ಜೋಡಿ ಅದಕ್ಕಿಂತ ಎದ್ದುಕಾಣುವಷ್ಟು ಉದ್ದ. ಅದನ್ನು ಮುಂದಕ್ಕೆ ಚಾಚಿಕೊಂಡು ನಡೆಯುತ್ತವೆ. ಇನ್ನೊಂದು ಹತ್ತಿರ ಬಂದರೆ ಕೈ ಎತ್ತಿ ಹೆದರಿಸುತ್ತವೆ.

ಮರಿಗಳಲ್ಲೇ ಕಷ್ಟ. ಕೈ ಆಗ ನೂಲಿನಷ್ಟು ಸಣ್ಣ, ಬಣ್ಣವೂ ಇರುವುದಿಲ್ಲ. ಸುಮ್ನೆ ಟ್ಯಾಂಕಿನ ಹೊರಗೆ ನಿಂತು ನೋಡಿದರೆ ಕಾಣುವುದಿಲ್ಲ. ಪ್ರತಿ ಸಲ ಪೊರೆ ಬಿಟ್ಟಾಗಲೂ ಮೈಯ ಜೊತೆ ಕೈಯೂ ಬೆಳೆಯುತ್ತದೆ. ಅದಕ್ಕೇ ಅಂಗಡಿಯಲ್ಲಿ ಸಾಧುವಾಗಿ ಕಂಡಿದ್ದು ಮನೆಗೆ ಬಂದ ಮೇಲೆ ಬೇರೆಯೇ ಆಗುತ್ತದೆ. ಚಿಕ್ಕ ಪಾರದರ್ಶಕ ಡಬ್ಬಿಗೆ ಹಾಕಿಸಿ, ಹಿಂದೆ ಒಂದು ಬಿಳಿ ಕಾಗದ ಹಿಡಿದು, ಫೋನಿನಲ್ಲಿ ಪಕ್ಕದಿಂದ ಫೋಟೋ ತೆಗೆದು ದೊಡ್ಡದು ಮಾಡಿ ನೋಡಿ. ಮುಂದಿನ ಕಾಲುಗಳು ಸ್ಪಷ್ಟವಾಗಿ ಕಾಣಬೇಕು. ತಿಳಿದವರಿಗೆ ತೋರಿಸುವುದಾದರೂ ಇಂಥದ್ದೇ ಫೋಟೋ ಬೇಕು. ಪಕ್ಕದಲ್ಲಿ ಸ್ಕೇಲ್ ಇಟ್ಟರೆ ಇನ್ನೂ ಒಳ್ಳೆಯದು. ಮೇಲಿನಿಂದ ತೆಗೆದ ಮಸುಕು ಫೋಟೋ ನೋಡಿ ಯಾರೂ ಏನೂ ಹೇಳಲಾರರು.

ನಿಜವಾದ ಅಮಾನೋಗೆ ಮೈಯ ಪಕ್ಕದಲ್ಲಿ ಕಂದು ಚುಕ್ಕೆಗಳ ಸಾಲು ಇರುತ್ತದೆ. ಹೆಣ್ಣಿನಲ್ಲಿ ಕೆಳಗಿನ ಸಾಲಿನ ಚುಕ್ಕೆಗಳು ಗೆರೆಯಂತೆ ಉದ್ದವಾಗಿರುತ್ತವೆ. ಬೆಳೆದರೆ ಸುಮಾರು 5 ಸೆಂಟಿಮೀಟರ್. ಚೆರ್ರಿ 3 ಸೆಂಟಿಮೀಟರ್ ಆಸುಪಾಸು. ಮ್ಯಾಕ್ರೋಬ್ರಾಕಿಯಂ ರೋಸೆನ್‌ಬರ್ಗಿಯ ಗಂಡು ಮಾತ್ರ 30 ಸೆಂಟಿಮೀಟರ್ ದಾಟಬಲ್ಲದು. ಮೀನು ಮಾರ್ಕೆಟ್ಟಿನಲ್ಲಿ ನೀಲಿ ಕೈಗಳ 'ಸ್ಕ್ಯಾಂಪಿ' ನೋಡಿದ್ದೀರಲ್ವಾ, ಅದೇ ಇದು. ಇದರ ಮರಿಯ ತಲೆ ಚಿಪ್ಪಿನ ಮೇಲೆ ಉದ್ದುದ್ದಕ್ಕೆ ಕಪ್ಪು ಗೆರೆಗಳಿರುತ್ತವೆ. ಕುಲದ ಎಲ್ಲವೂ ಇಷ್ಟು ದೊಡ್ಡದಾಗುವುದಿಲ್ಲ. ನಮ್ಮ ದೇಶದ್ದೇ ಮ್ಯಾಕ್ರೋಬ್ರಾಕಿಯಂ ಲಮಾರಿ ಚಿಕ್ಕದಾಗಿ, ಬಣ್ಣವಿಲ್ಲದೆಯೇ ಉಳಿಯುತ್ತದೆ. ಹಾಗಾಗಿ ಗಾತ್ರ ಒಂದನ್ನೇ ನಂಬಿ ಕೂರಬೇಡಿ.

ಊಟ ಕಂಡ ಕೂಡಲೇ ಕಿತ್ತುಕೊಂಡು ಓಡುವುದು ಮ್ಯಾಕ್ರೋಬ್ರಾಕಿಯಂನ ಗುರುತು ಅಂತ ಕೆಲವರು ಹೇಳುತ್ತಾರೆ. ಅದು ಸಾಲದು. ಅಮಾನೋ ಕೂಡ ಪೆಲೆಟ್ (ಆಹಾರದ ಗುಳಿಗೆ) ಎತ್ತಿಕೊಂಡು ಓಡುತ್ತದೆ.

ಬೆಲೆಯೂ ಒಂದು ಸುಳಿವು. ಅಮಾನೋ ಸಿಹಿನೀರಿನಲ್ಲಿ ಮೊಟ್ಟೆ ಹೊತ್ತರೂ ಅದರ ಲಾರ್ವಾ (ಮೊಟ್ಟೆಯೊಡೆದು ಬಂದ ಎಳೆಯದು) ಬೆಳೆಯಲು ಉಪ್ಪುನೀರು ಬೇಕು. ಮನೆ ಟ್ಯಾಂಕಿನಲ್ಲಿ ತಾನಾಗಿಯೇ ಮರಿಯಾಗುವುದಿಲ್ಲ. "ಇಲ್ಲೇ, ಈ ಟ್ಯಾಂಕಲ್ಲೇ ಮರಿ ಮಾಡಿಸಿದ್ದು" ಅಂತ ಯಾರಾದರೂ ಅಗ್ಗಕ್ಕೆ ಅಮಾನೋ ಕೊಟ್ಟರೆ ಅದು ಅಮಾನೋ ಅಲ್ಲ.

ಇದನ್ನು ಓದಿ ಗಾಬರಿಯಾಗಿ ಬಣ್ಣವಿಲ್ಲದ ಸಿಗಡಿಗಳನ್ನೆಲ್ಲ ಎತ್ತಿ ಎಸೆಯಬೇಡಿ. ಚೆರ್ರಿಯ ಮೂಲ ಬಣ್ಣವೇ ಕಂದು ಛಾಯೆಯದು. ಬೇರೆ ಬೇರೆ ಬಣ್ಣದವು ಕೂಡಿದರೆ ಮರಿಗಳು ಆ ಮೂಲ ಬಣ್ಣಕ್ಕೇ ಮರಳುತ್ತವೆ. ಅವು ಪಾಪದವು. ಅಲ್ಲೂ ಕೈಯೇ ನೋಡಿ.

ಅಂಗಡಿಯಲ್ಲಿ ಡಬ್ಬಿಗೆ ಹಾಕಿ ತೋರಿಸಲು ಒಪ್ಪದಿದ್ದರೆ ಕೊಳ್ಳದೆ ಬನ್ನಿ. ನನಗೆ ಕೊಟ್ಟವರು ಕೊನೆಗೆ "ಜೀವ ಇರೋದನ್ನ ವಾಪಸ್ ತಗೊಳಲ್ಲ" ಅಂದುಬಿಟ್ಟರು. ಕೊಂಡರೂ ಕೆಲವು ವಾರ ಬೇರೆ ಟ್ಯಾಂಕಿನಲ್ಲಿಡಿ. ಒಂದೆರಡು ಸಲ ಪೊರೆ ಬಿಡುವಷ್ಟರಲ್ಲಿ ಕೈಯ ಉದ್ದ ಗೊತ್ತಾಗುತ್ತದೆ. ತಲೆ ಚಿಪ್ಪಿನ ಒಂದೇ ಪಕ್ಕ ಗುಳ್ಳೆಯಂತೆ ಉಬ್ಬಿದ್ದರೆ ಒಳಗೆ ಪರೋಪಜೀವಿ ಇರಬಹುದು, ಅದೂ ಆಗ ಕಣ್ಣಿಗೆ ಬೀಳುತ್ತದೆ.

ಈಗಾಗಲೇ ಟ್ಯಾಂಕಿಗೆ ಸೇರಿಬಿಟ್ಟಿದ್ದರೆ ಬಲೆ ಹಿಡಿದು ಅಟ್ಟಿಸಬೇಡಿ. ಗಿಡಗಳು ಕಿತ್ತು ಬರುತ್ತವೆ, ಅವು ಹಿಂದಕ್ಕೆ ಚಿಮ್ಮಿ ತಪ್ಪಿಸಿಕೊಳ್ಳುತ್ತವೆ. ಪ್ಲಾಸ್ಟಿಕ್ ನೀರಿನ ಬಾಟಲಿಯ ಮೇಲ್ಭಾಗ ಕತ್ತರಿಸಿ, ಕತ್ತು ಒಳಮುಖವಾಗುವಂತೆ ತಿರುಗಿಸಿ ಸಿಕ್ಕಿಸಿ. ಒಳಗೆ ಒಂದು ಪೆಲೆಟ್ ಹಾಕಿ ರಾತ್ರಿ ಮುಳುಗಿಸಿಡಿ. ನನ್ನವು ಸಿಕ್ಕಿದ್ದು ಹೀಗೆಯೇ. ಈಗ ಮುಚ್ಚಳವಿರುವ ಬೇರೆ ಟ್ಯಾಂಕಿನಲ್ಲಿವೆ, ಚೆನ್ನಾಗಿಯೇ ಇವೆ. ಅವುಗಳ ಸ್ವಭಾವವೇ ಅದು, ತಪ್ಪೇನಿಲ್ಲ. ಬೇಡವೆಂದು ಕೆರೆಗೋ ಹೊಳೆಗೋ ಮಾತ್ರ ಬಿಡಬೇಡಿ. ಅಂಗಡಿಯ ನೀರಿನ ರೋಗ ಅಲ್ಲಿನ ಸಿಗಡಿಗಳಿಗೂ ಹತ್ತಬಹುದು. ಟ್ಯಾಂಕಿನಿಂದ ಬಿಟ್ಟ ಸಕ್ಕರ್ ಮೀನು ದೇಶದ ಎಷ್ಟೋ ಕಡೆ ನದಿ, ಕೆರೆ ಸೇರಿ ಮೀನುಗಾರರಿಗೆ ಕಾಟ ಕೊಡುತ್ತಿದೆ. ಇಟ್ಟುಕೊಳ್ಳಲು ಆಗದಿದ್ದರೆ, ಇದು ಯಾವ ಸಿಗಡಿ ಅಂತ ಸರಿಯಾಗಿ ಹೇಳಿ, ಸಾಕಲು ಒಪ್ಪುವವರಿಗೆ ಕೊಡಿ.